ಕಮಲಾಕ್ಷ ಹೊಳ್ಳರ ಹಿಮ್ಮುಖ ವಿಮಾನ

ಸಾಸ್ತಾನದ ಕಮಲಾಕ್ಷ ಹೊಳ್ಳ ಎರಡನೆಯ ಮಹಾಯುದ್ಧ ಮುಗಿದ ಮೇಲೆ ಊರಿಗೆ ಬಂದಾಗ, ಯುದ್ಧವನ್ನು ತಾನೇ ಮುಗಿಸಿ ಬಂದವನ ಹಾಗೆ ಮೀಸೆ ಬಿಟ್ಟಿದ್ದ. ದೇವಸ್ಥಾನದ ಅರ್ಚಕರಾದ ಮಹಾಲಿಂಗ ಹೊಳ್ಳರ ಒಬ್ಬನೇ ಮಗ. ಗಂಧ ತೇಯುವುದು ಬೇಸರವಾಗಿ, ಮದುವೆಯಾದ ವರ್ಷವೇ ಹೆಂಡತಿ ವನಮಾಲೆಯನ್ನು ಅಪ್ಪನ ವಶಕ್ಕೆ ಬಿಟ್ಟು ಓಡಿಹೋಗಿ ವಾಯುಪಡೆ ಸೇರಿದ್ದ. ಅಲ್ಲಿ ವಿಮಾನದ ಎಂಜಿನ್ ರಿಪೇರಿ ಮಾಡುತ್ತಿದ್ದೆ ಎಂದು ಅವನು ಹೇಳುತ್ತಿದ್ದ. ವಿಮಾನ ತೊಳೆಯುತ್ತಿದ್ದ ಎಂದು ಊರು ಹೇಳುತ್ತಿತ್ತು.

ಈಗ ಅವನಿಗೆ ಕುಂದಾಪುರದ ಬಸ್ಸು ರಿಪೇರಿ ಶೆಡ್ಡಿಗೆ ಸೇರುವ ಆಸೆ. ಅಪ್ಪ ಒಪ್ಪಲೊಲ್ಲರು. ಮಗ ದಿನವೂ ಪೀಡಿಸಿದ ಮೇಲೆ ಒಂದು ಬೆಳಿಗ್ಗೆ ರೇಗಿ ಹೇಳಿದರು, “ಒಂದ್ ಎಂಜಿನ್ ನನ್ನ್ ಕಣ್ಣೆದ್ರಿಗೆ ಶುರು ಮಾಡಿ ತೋರ್ಸ್. ಆರೆ ಹೋಗ್. ಆಗ್ದಿರೆ ನಾಳೆಯಿಂದ ಪೂಜೆಗ್ ನಿಲ್ಲ್.”

ಕಮಲಾಕ್ಷನಿಗೆ ಸ್ವರ್ಗ ಮೂರೇ ಗೇಣು. “ಮೊದ್ಲ್ ನಾನೊಬ್ಬನೇ ಹೋತೆ, ನಿಂದ್ ಆಮೇಲ್ ಕಾಂಬ” ಎಂದು ವನಮಾಲೆಗೆ ಹೇಳಿಯೂ ಬಿಟ್ಟ. ಯುದ್ಧಕ್ಕೆ ಹೋಗುವಾಗಲೂ ಅವನು ಇದೇ ಮಾತು ಹೇಳಿದ್ದ. ಅವಳಿಗೆ ಒಳಗೇ ಕಿಚ್ಚು ಹತ್ತಿಕೊಂಡಿತು. ಎದ್ದು ಮೊಸರು ಕಡೆಯಲು ಹೋದಳು.

ಅವನ ಪೆಟ್ಟಿಗೆಯಲ್ಲಿ, ಸ್ವದೇಶಕ್ಕೆ ಹೊರಟ ಬಿಳಿಯ ಅಧಿಕಾರಿಯೊಬ್ಬ ಕೊಟ್ಟುಹೋದ ಆಟದ ವಿಮಾನವಿತ್ತು. ಅದಕ್ಕೆ ಹೆಬ್ಬೆರಳಿನಷ್ಟು ಗಾತ್ರದ ನಿಜವಾದ ಎಂಜಿನ್. ಅದನ್ನೇ ಶುರು ಮಾಡಿ ತೋರಿಸಲು ಅಂಗಳಕ್ಕೆ ತಂದ. ಮುಂದೊಂದು ಕಾಲಕ್ಕೆ ಇಂಥವನ್ನು ನೆಲದ ಮೇಲೆ ನಿಂತೇ ರೇಡಿಯೋದಿಂದ ನಡೆಸುತ್ತಾರೆ ಎಂದು ಕಮಲಾಕ್ಷ ಬಡಾಯಿ ಕೊಚ್ಚಿದ.

“ಹ್ವಾಯ್, ರೇಡಿಯೋದಗೆ ಹಾಡ್ ಬಪ್ದಲ್ದಾ? ಇಮಾನ ಎಂತಕ್ ಬತ್ತ್?” ಎಂದ ಪಕ್ಕದ ಮನೆಯ ಚೆನ್ನಯ್ಯ.

ಹರಳೆಣ್ಣೆ, ಚಿಮಣಿ ಎಣ್ಣೆ, ಡಾಕ್ಟರರನ್ನು ಕಾಡಿ ತಂದ ಈಥರ್ ಬೆರೆಸಿ ಎಂಜಿನ್ನಿಗೆ ಕುಡಿಸಿದ್ದಾಯಿತು. ಅಂಗಳವೆಲ್ಲ ಆಸ್ಪತ್ರೆಯ ವಾಸನೆ. ಮಹಾಲಿಂಗ ಹೊಳ್ಳರು ಮೂಗಿಗೆ ಶಾಲು ಒತ್ತಿಕೊಂಡು ನಿಂತರು. ಇನ್ನು ವಿಮಾನವನ್ನು ನೂಕುವ ಫ್ಯಾನನ್ನು ಬೆರಳಿನಿಂದ ಜಾಡಿಸಿ ತಿರುಗಿಸಿದರೆ ಮುಗಿಯಿತು. ಆದರೆ ಈ ವಿಮಾನದ ಎಂಜಿನ್ ಇದ್ದದ್ದು ರೆಕ್ಕೆಯ ಹಿಂದೆ, ಬಾಲದ ಎರಡು ಕೋಲುಗಳ ನಡುವಿನ ಸಂದಿಯಲ್ಲಿ. ಸೈನ್ಯದ ರೊಟ್ಟಿ ತಿಂದು ಕೊಬ್ಬಿದ ಬೆರಳು ಅಲ್ಲಿಗೆ ಹೋಗುವುದೇ ಕಷ್ಟ. ಹೋದರೆ ಫ್ಯಾನು ಹಿಂದಕ್ಕೆ ಒದ್ದು ಉಗುರು ಕೀಳುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಬೆರಳಿಗೆಲ್ಲ ಚಿಂದಿ ಸುತ್ತಿಕೊಂಡ ಕಮಲಾಕ್ಷನಿಗೆ, ಫ್ಯಾನಿನ ಬುಡದ ಗಾಲಿಗೆ ಹುರಿ ಸುತ್ತಿ ಎಳೆಯುವ ಉಪಾಯ ಹೊಳೆಯಿತು. ಆದರೆ ವಿಮಾನ ಹಿಡಿಯುವುದಕ್ಕೇ ಅವನ ಎರಡೂ ಕೈ ಬೇಕು. ಎಳೆಯುವವರು ಯಾರು?

“ನಂಗೆ ಹೆಂಡ್ತಿ ಮಕ್ಕಳ್ ಇದ್ರ್ ಮಾರಾಯ” ಎಂದು ಚೆನ್ನಯ್ಯ ಬೇಲಿ ದಾಟಿದ.

ವಿಧಿಯಿಲ್ಲದೆ ವನಮಾಲೆಯನ್ನು ಕರೆದು, ಹುರಿಯನ್ನು ಕೈಗೆ ಕೊಟ್ಟು, “ಎಳಿ” ಎಂದ. ಒಂದು ತುದಿಯನ್ನು ಒಂದೇ ಸಲ ಎಳೆದು ಬಿಡಬೇಕು ಎಂದು ಹೇಳಲಿಲ್ಲ. ಹೆಂಡತಿಗೆ ವಿವರಿಸಿ ಹೇಳುವ ಅಭ್ಯಾಸ ಅವನಿಗೆ ಎಂದೂ ಇರಲಿಲ್ಲ. ಅವಳೋ ಎರಡೂ ತುದಿ ಹಿಡಿದು, ದಿನವೂ ಮೊಸರು ಕಡೆದಂತೆ ಸರಬರ ಕಡೆದಳು. ಒಳಗಿನ ಕಿಚ್ಚನ್ನೆಲ್ಲ ಸೇರಿಸಿಯೇ ಕಡೆದಳೆಂದು ಕಾಣುತ್ತದೆ. ಎಂಜಿನ್ ಕಿರುಚಿ ಎದ್ದಿತು!

ಆದರೆ ಇಂಥ ಸಣ್ಣ ಎಂಜಿನ್ನುಗಳಿಗೆ ಹಿಂದು ಮುಂದು ಎಂಬ ಭೇದವಿಲ್ಲ, ಹೇಗೆ ತಿರುಗಿಸಿದರೆ ಹಾಗೆ ಓಡುತ್ತವೆ. ಕಡೆಯುವಾಗ ಹಿಂದಕ್ಕೆ ತಿರುಗಿದ ಗಳಿಗೆಯಲ್ಲೇ ಇದು ಹೊತ್ತಿಕೊಂಡಿತ್ತು. ವಿಮಾನ ಕಮಲಾಕ್ಷನ ಕೈ ಜಾರಿ, ಬಾಲ ಮುಂದೆ ಮಾಡಿಕೊಂಡು, ನೆಟ್ಟಗೆ ಅರ್ಚಕರ ಕಾಲ ಬುಡಕ್ಕೆ ನುಗ್ಗಿತು. ಅವರು ಕಚ್ಚೆ ಹಿಡಿದುಕೊಂಡು ಜಗಲಿಗೆ ಹಾರಿದರು. ಅದು ಹುಲ್ಲುರಾಶಿಗೆ ಹೊಕ್ಕು ಕೆಮ್ಮಿ ನಿಂತಿತು.

“ಹಿಂದ್ ಹಿಂದ್ ಹೋತಲಾ ಮಾರಾಯ!” ಎಂದು ಬೇಲಿಯಾಚೆ ಚೆನ್ನಯ್ಯ ಬಿದ್ದು ಬಿದ್ದು ನಕ್ಕ. ಎಲ್ಲ ಮುಗಿಯಿತು ಎಂದು ಕಮಲಾಕ್ಷ ತಲೆ ತಗ್ಗಿಸಿದ.

ಮಹಾಲಿಂಗ ಹೊಳ್ಳರು ಏದುಸಿರು ಬಿಡುತ್ತ ಜಗಲಿಯಿಂದ ಇಳಿದರು. “ಶುರು ಆಯ್ತ್, ಹೋಗ್. ಆರೆ ಶುರು ಮಾಡಿದ್ದ್ ನೀನಲ್ಲ, ಅವ್ಳ್. ಅವ್ಳನ್ನೂ ಕರ್ಕಂಡ್ ಹೋಗ್.”

ಶೆಡ್ಡಿನಲ್ಲಿ ಹೆಂಗಸರಿಗೆ ಜಾಗವಿಲ್ಲ ಎಂದು ಹೇಳಲು ಕಮಲಾಕ್ಷ ಬಾಯಿ ತೆರೆದ. ಅಷ್ಟರಲ್ಲಿ, ಇಷ್ಟು ವರ್ಷ ಮಾವನ ಎದುರು ತುಟಿ ಬಿಚ್ಚದಿದ್ದ ವನಮಾಲೆ ಕೇಳಿದಳು:

“ಯಾವತ್ತ್ ಹೋಪ್ದ್?”