ದೋಣಿಗೆ ಎಂಟು ಮಾರು ಸೇವಂತಿಗೆ

ನಮ್ಮ ಮನೆಯಲ್ಲಿ ಪತ್ರ ಬರೆಯುವವಳು ನಾನು. ಬಿ.ಎ.ಯಲ್ಲಿ ಇಂಗ್ಲಿಷ್ ಓದಿದ್ದಕ್ಕೆ ಆದ ಪ್ರಯೋಜನ ಅದೊಂದೇ ಎಂದು ಅತ್ತೆ ತಮಾಷೆ ಮಾಡುತ್ತಾರೆ. ಬೀದಿದೀಪದ ಅರ್ಜಿ, ಗ್ಯಾಸ್ ಏಜೆನ್ಸಿಯ ತಕರಾರು, ಎಲ್ಲ ನನ್ನ ಪಾಲಿಗೆ. ಹಾಗಾಗಿ ಗೋವಾದ ದೋಣಿ ಕಂಪನಿಗೆ ಕ್ಯಾಪ್ಟನ್ ಮೇಲೆ ದೂರು ಬರೆಯುವ ಕೆಲಸವೂ ನನಗೇ ಬಂತು. ನನ್ನ ಗಂಡ ಫೋನಿನಲ್ಲಿ ಆಗಲೇ ಕೂಗಾಡಿದ್ದರು. ಕಂಪನಿಯವರು ಆತನನ್ನು ಕೆಲಸದಿಂದ ದೂರ ನಿಲ್ಲಿಸಿ, ನಿಮ್ಮ ಬರಹ ಬಂದ ಮೇಲೆ ಇಟ್ಟುಕೊಳ್ಳುವುದೋ ಬಿಡುವುದೋ ನೋಡುತ್ತೇವೆ ಎಂದಿದ್ದರು.

ಹತ್ತು ದಿನವಾದರೂ ನಾನು ‘ಡಿಯರ್ ಸರ್’ ದಾಟಿರಲಿಲ್ಲ. ಅಡುಗೆಮನೆಯ ನಲ್ಲಿ ತಿರುಗಿಸಿದರೆ ಸಾಕು, ಬಂಡೆಗೆ ನೀರು ಬಡಿಯುವ ಸದ್ದು ಕಿವಿಗೆ ಬರುತ್ತಿತ್ತು. ನಲ್ಲಿ ನಿಲ್ಲಿಸಿ, ಸಿಂಕಿನ ಅಂಚು ಹಿಡಿದು ನಿಂತುಬಿಡುತ್ತಿದ್ದೆ. ಪಾತ್ರೆ ಹಾಗೇ ಉಳಿಯುತ್ತಿತ್ತು.

ನಮ್ಮ ಮನೆಯಲ್ಲಿ ಯಾರಿಗೂ ಈಜು ಬರುವುದಿಲ್ಲ. ಜೀವನ್ ಬಿಮಾ ನಗರದಲ್ಲಿ ಇರುವವರಿಗೆ ಹತ್ತಿರದ ನೀರೆಂದರೆ ಹಲಸೂರು ಕೆರೆ, ಅದನ್ನೂ ಬೇಲಿಯಾಚೆಯಿಂದ ನೋಡುವುದು. ಆದರೂ ನನ್ನ ಗಂಡನಿಗೆ ದೋಣಿಯ ಹುಚ್ಚು. ಎಷ್ಟೋ ವರ್ಷ ರಜೆ ಹಾಕಿ ಕೊಚ್ಚಿಯ ದೋಣಿ ಪ್ರದರ್ಶನಗಳಿಗೆ ಹೋಗಿದ್ದೇವೆ. ಅಲ್ಲಿ ಪ್ರತಿ ದೋಣಿಯ ಮುಂದೆ ಒಂದು ಬುಟ್ಟಿ ಇರುತ್ತದೆ, ಚಪ್ಪಲಿ ಅದರಲ್ಲಿ ಬಿಟ್ಟೇ ಹತ್ತಬೇಕು. ಇವರು ದೇವಸ್ಥಾನಕ್ಕೆ ಹೋದಷ್ಟೇ ಭಕ್ತಿಯಿಂದ ಹತ್ತುತ್ತಿದ್ದರು. ಸೋಫಾ, ಮಂಚ ನೋಡುವುದು ನಾನು. ಇವರು ನೆಲದ ಮುಚ್ಚಳ ಎತ್ತಿಸಿ ಎಂಜಿನ್ ನೋಡುವವರು. ಒಮ್ಮೆ ಒಬ್ಬ ಸೇಲ್ಸ್‌ನವನು ಗಿರಾಕಿ ಗಟ್ಟಿ ಎಂದುಕೊಂಡು, “ಬೋಟ್ ಎಲ್ಲಿ ನಿಲ್ಲಿಸ್ತೀರಾ ಸಾರ್?” ಎಂದು ಕೇಳಿದ. “ಜೀವನ್ ಬಿಮಾ ನಗರ,” ಎಂದರು ಇವರು, ಮುಖ ಗಂಭೀರ ಮಾಡಿಕೊಂಡು. ಅವನು ಪಾಪ ಬರೆದುಕೊಂಡ.

ಇವರಿಗೆ ಹೆಚ್ಚು ಇಷ್ಟವಾದದ್ದು ದೊಡ್ಡ ಕ್ಯಾಟಮರಾನ್. ಪಕ್ಕಪಕ್ಕದಲ್ಲಿ ಎರಡು ಒಡಲು, ಎರಡನ್ನೂ ಸೇರಿಸಿ ಮೇಲೊಂದು ಅಂಗಳ, ಒಡಲಿಗೊಂದು ಎಂಜಿನ್. “ಒಂದು ಕೈಕೊಟ್ರೆ ಇನ್ನೊಂದು ಇರುತ್ತೆ ಕಣೇ. ಇದ್ರಲ್ಲಿ ಹೆದರೋ ಮಾತೇ ಇಲ್ಲ,” ಎನ್ನುತ್ತಿದ್ದರು.

ಈ ವರ್ಷ ಇವರು ವಿಮಾನ ಕಾರ್ಖಾನೆಯಿಂದ ನಿವೃತ್ತರಾದರು. ಅಲ್ಲಿ ಆಯುಧಪೂಜೆ ಎಂದರೆ ಹಿಂದಿನ ದಿನವೇ ಯಂತ್ರಗಳನ್ನು ತೊಳೆದು ಒರೆಸಿ, ಅರಿಶಿನ ಕುಂಕುಮ ಇಟ್ಟು, ಬಾಳೆಕಂದು ಕಟ್ಟುತ್ತಿದ್ದರು. ಮನೆಯವರನ್ನೂ ಒಳಗೆ ಬಿಡುತ್ತಿದ್ದರು. ಇವರು ತಮ್ಮ ಲೇತ್ ಯಂತ್ರದ ಪಕ್ಕ ಮದುವೆ ಗಂಡಿನಂತೆ ನಿಲ್ಲುತ್ತಿದ್ದರು. ಹಬ್ಬ ಹತ್ತಿರ ಬಂದಾಗ ಒಂದು ಬೆಳಿಗ್ಗೆ, “ಈ ಸಲ ಪೂಜೆ ಮಾಡೋಕೆ ನನ್ಗೆ ಒಂದು ಮಷಿನ್ ಇಲ್ವಲ್ಲೇ,” ಎಂದರು. ಕಾರಿದೆಯಲ್ಲ ಎಂದೆ. “ಕಾರು ಎಲ್ರೂ ಮಾಡ್ತಾರೆ,” ಎಂದು ಮುಖ ಸಣ್ಣ ಮಾಡಿಕೊಂಡು ಪೇಪರ್ ಎತ್ತಿಕೊಂಡರು. ಆ ಮುಖ ನೋಡಿಯೇ ನಾನು ಗೋವಾದಲ್ಲಿ ಒಂದು ದಿನಕ್ಕೆ ಕ್ಯಾಟಮರಾನ್ ಬಾಡಿಗೆಗೆ ಹಿಡಿಯಲು ಒಪ್ಪಿದ್ದು.

ಹೂವಿಗೆ ಶಿವಾಜಿನಗರಕ್ಕೆ ಹೋದೆ. ಸೇವಂತಿಗೆ ರಾಶಿ ಹಿಂದೆ ಕೂತಿದ್ದ ಮುದುಕ ಕೇಳಿದ, “ಯಾವ್ ಗಾಡಿಗಮ್ಮಾ? ಬಸ್ಸಾ, ಲಾರೀನಾ?”

“ದೋಣಿಗೆ.”

“ದೋಣಿಗಾ! ಅರೆ, ಹಲಸೂರು ಕೆರೇಲಿ ಬಸ್ ಬಿಟ್ಟವ್ರಾ?” ಪಕ್ಕದ ಅಂಗಡಿಯವರೆಲ್ಲ ನಕ್ಕರು. ಅವನು ಮತ್ತೆ ಹೇಳಿದ, “ನೂಲಲ್ಲಿ ಕಟ್ಟಿದ್ರೆ ಗಾಳೀಗೆ ಕಿತ್ಕೊಂಡ್ ಹೋಗ್ತದಮ್ಮಾ. ಲಾರಿಗೆಲ್ಲ ನೈಲಾನ್‌ನಾಗೆ ಕಟ್ಟೋದು.”

“ನೈಲಾನಲ್ಲೇ ಕಟ್ಟಿ,” ಎಂದೆ. ನಾಲ್ಕು ನಾಲ್ಕು ಮಾರಿನ ಎರಡು ಹಾರ, ಒಂದು ಎಂಜಿನ್ನಿಗೆ ಒಂದರಂತೆ. ನೈಲಾನಲ್ಲೇ ಎಂದವಳು ನಾನು.

ಕ್ಯಾಪ್ಟನ್ ಕಾರವಾರದ ಕಡೆಯಾತ, ನಲವತ್ತು ದಾಟಿದವನು. ನಾವು ಕನ್ನಡದವರೆಂದು ತಿಳಿದು ಖುಷಿಯಾಗಿದ್ದ. ಪೂಜೆಗೆ ಬೇಡ ಅನ್ನಲಿಲ್ಲ. ಅತ್ತೆ ಕಂಚಿಸೀರೆ ಉಟ್ಟು ಸ್ಟೀರಿಂಗ್ ಚಕ್ರಕ್ಕೆ ಕುಂಕುಮ ಇಟ್ಟಾಗ ಕೈಮುಗಿದ. ನಾನು ಹಿಂದಿನ ಕಂಬಿಗೆ ಎಡಕ್ಕೊಂದು ಬಲಕ್ಕೊಂದು ಹಾರ ಕಟ್ಟಿದೆ. ಅವು ನೀರಿನವರೆಗೆ ಇಳಿದವು. ಆತ ಅದನ್ನು ನೋಡಿ ನನ್ನ ಹತ್ತಿರ ಬಂದ. “ಅಕ್ಕೋರೆ, ಹೊರಡೂಕೆ ಮೊದ್ಲು ಹಿಂದಿನ ಹಾರ ಬಿಚ್ಚಿಬಿಡಿ. ಕೆಳಗೆ ಫ್ಯಾನ್ ತಿರುಗ್ತದೆ.”

ಹೂಂ ಎಂದೆ. ಬಿಚ್ಚಲು ಕೈ ಹಾಕಿದೆ ಕೂಡ. ಅತ್ತೆ ತಡೆದರು. “ಕಟ್ಟಿದ್ ದಿನಾನೇ ಯಾರಾದ್ರೂ ಬಿಚ್ತಾರೇನೇ? ಅಪಶಕುನ. ಮೇಲಕ್ಕೆ ಸುತ್ತಿಡು, ಸಾಕು.” ಅವರದೇನೂ ಹೊಸ ಮಾತಲ್ಲ. ನಮ್ಮ ಬೀದಿಯಲ್ಲಿ ಹಬ್ಬವಾಗಿ ತಿಂಗಳಾದರೂ ಕಾರುಗಳು ಒಣಗಿದ ಹಾರ ಹೊತ್ತುಕೊಂಡೇ ಓಡಾಡುತ್ತವೆ. ನಾನು ಎರಡೂ ಹಾರ ಮೇಲೆತ್ತಿ ಕಂಬಿಗೆ ಸುತ್ತಿ, ತುದಿ ಸಿಕ್ಕಿಸಿದೆ.

“ಆಯ್ತಾ ಅಕ್ಕೋರೆ?” ಚಕ್ರದ ಹತ್ತಿರದಿಂದ ಆತ ಕೇಳಿದ.

“ಆಯ್ತು,” ಎಂದೆ.

ಮುಂದೆ ನಡೆದದ್ದನ್ನು ಮನಸ್ಸಿನಲ್ಲಿ ಎಷ್ಟು ಸಲ ನೋಡಿದ್ದೇನೋ. ನದಿ ಸಮುದ್ರ ಸೇರುವ ಅಳಿವೆ ದಾಟುತ್ತಲೇ ಅಲೆ ಎದ್ದಿತು, ನಾನು ಕಂಬಿ ಹಿಡಿದು ಹಿಂದಿನ ಬೆಂಚಿನಲ್ಲಿ ಒರಗಿದೆ. ಬಿಚ್ಚಿಕೊಂಡ ಹಾರಗಳ ಹಳದಿ ತುದಿಗಳೆರಡೂ ನೊರೆಯಲ್ಲಿ ಎಳೆದುಕೊಂಡು ಬರುತ್ತಿದ್ದವು. ಚೆನ್ನಾಗಿದೆ ಅನ್ನಿಸಿತು. ಎದ್ದು ಕಟ್ಟಬೇಕು ಅಂತಲೂ ಅನ್ನಿಸಿತು. ಏಳಲಿಲ್ಲ.

ಮಧ್ಯಾಹ್ನದ ಊಟಕ್ಕೆಂದು ಒಂದು ಗುಡ್ಡದ ಕೆಳಗೆ ನಿಲ್ಲಿಸಲು ಹೋದೆವು. ಲಂಗರು ಇಳಿಬಿಟ್ಟು ಕ್ಯಾಪ್ಟನ್ ಎರಡೂ ಎಂಜಿನ್ನುಗಳನ್ನು ಹಿಮ್ಮುಖ ಓಡಿಸಿದ. ಮಿಕ್ಸಿಗೆ ಚಮಚ ಬಿದ್ದಂಥ ಸದ್ದು. ಎಡಗಡೆಯದು ನಿಂತಿತು. ನನ್ನ ಗಂಡ ನನ್ನತ್ತ ತಿರುಗಿ, “ಇನ್ನೊಂದು ಇದೆ,” ಎಂದು ಹೇಳುತ್ತಿದ್ದಂತೆ ಬಲಗಡೆಯದೂ ನಿಂತಿತು. ಲಂಗರು ಇನ್ನೂ ನೆಲ ಕಚ್ಚಿರಲಿಲ್ಲ. ಅಷ್ಟು ದೊಡ್ಡ ದೋಣಿ ಮೆಲ್ಲಗೆ ಅಡ್ಡ ತಿರುಗಿ, ಪ್ರತಿ ಅಲೆಗೆ ಒಂದಿಷ್ಟು ಬಂಡೆಗಳ ಕಡೆ ಸರಿಯತೊಡಗಿತು. ಅತ್ತೆಗೆ ಸೀರೆಯ ಮೇಲೆ ಲೈಫ್ ಜಾಕೆಟ್ ಹಾಕಲು ಹೋದರೆ ಬಕಲ್ ಕೂಡುತ್ತಿರಲಿಲ್ಲ. “ಹಾಕೇ, ಹಾಕೇ,” ಎನ್ನುತ್ತಿದ್ದರು ಅವರು, ಮಗುವಿನಂತೆ ಕೈ ಮೇಲೆತ್ತಿಕೊಂಡು. ನನ್ನ ಗಂಡ ಕಂಬಿ ಹಿಡಿದು ನಿಂತಿದ್ದರು. ಬಂಡೆಗೆ ಅಂಟಿದ ಚಿಪ್ಪುಗಳು ಒಂದೊಂದೇ ಕಾಣಿಸುವಷ್ಟು ಹತ್ತಿರ ಹೋದಾಗ ಲಂಗರಿನ ಸರಪಳಿ ಬಿಗಿಯಿತು.

ಕ್ಯಾಪ್ಟನ್ ಚಾಕು ಬಾಯಲ್ಲಿ ಕಚ್ಚಿ ನೀರಿಗಿಳಿದ. ದೋಣಿಯ ಹಿಂಭಾಗ ಏಳುತ್ತಿತ್ತು, ಅವನ ತಲೆಯ ಮೇಲೆ ಬೀಳುತ್ತಿತ್ತು. ಮುಳುಗುತ್ತಿದ್ದ, ಏಳುತ್ತಿದ್ದ. ಮೂರನೆಯ ಸಲವೋ ನಾಲ್ಕನೆಯ ಸಲವೋ ಎದ್ದಾಗ ಕಿವಿಯ ಹಿಂದೆ ರಕ್ತವಿತ್ತು. ಮೇಲೆ ಬಂದವನ ಮುಷ್ಟಿಯಲ್ಲಿ ನೈಲಾನ್ ದಾರದ ಉಂಡೆ, ಅದರ ಮಧ್ಯೆ ಜಜ್ಜಿದ ಹಳದಿ ಎಸಳು. ಹಿಂದೆ ಇದ್ದವಳು ನಾನೊಬ್ಬಳೇ. ಆತ ನನ್ನನ್ನು ನೋಡಿದ. ಉಂಡೆಯನ್ನು ಬಕೆಟ್ಟಿಗೆ ಹಾಕಿ, ಮೇಲೆ ಒರೆಸುವ ಬಟ್ಟೆ ಮುಚ್ಚಿದ. ಎಲ್ಲರಿಗೂ ಕೇಳುವಂತೆ, “ಬಲೆ ಸಿಕ್ಕಿತ್ತು. ಮೀನುಬಲೆ,” ಎಂದ.

ನಾನು ಆಗಲೂ ಸುಮ್ಮನಿದ್ದೆ. ದೂರು ಹುಟ್ಟಿದ್ದು ಅಲ್ಲಿಂದ. ಬಲೆ ಇರುವ ಕಡೆ ನೋಡದೆ ಓಡಿಸಿದ, ಮೂವರ ಪ್ರಾಣ ತೆಗೆಯುತ್ತಿದ್ದ ಎಂದು ನನ್ನ ಗಂಡ ಹಿಡಿದುಕೊಂಡರು.

ಹನ್ನೊಂದನೆಯ ದಿನ ಬೆಳಿಗ್ಗೆ ಕಾಫಿ ಇಟ್ಟು ಕಂಪ್ಯೂಟರಿನ ಮುಂದೆ ಕೂತೆ. ಅರ್ಧ ಗಂಟೆಯಲ್ಲಿ ಮುಗಿಯಿತು. ಇಬ್ಬರನ್ನೂ ಕರೆದು ಕನ್ನಡದಲ್ಲಿ ಓದಿ ಹೇಳಿದೆ. ಹಾರ ಬಿಚ್ಚಿ ಎಂದು ಕ್ಯಾಪ್ಟನ್ ಹೇಳಿದ್ದು, ನಾನು ಬಿಚ್ಚದೆ ಆಯ್ತು ಎಂದದ್ದು, ಬಕೆಟ್ಟಿನಲ್ಲಿ ನಾನು ಕಂಡದ್ದು.

ನನ್ನ ಗಂಡ ಲೋಟ ಕೆಳಗಿಟ್ಟರು. “ಇಷ್ಟ್ ದಿನ ಬಾಯಿಗೇನಾಗಿತ್ತು ನಿಂಗೆ?” ಎಂದರು.

“ಬಿಚ್ಬೇಡ ಅಂದಿದ್ದು ನಾನು. ಅದನ್ನೂ ಬರಿ,” ಎಂದರು ಅತ್ತೆ.

“ಇದ್ ಕಳ್ಸಿದ್ರೆ ನಮ್ಗೆ ಇನ್ಮೇಲೆ ಬೋಟ್ ಯಾರೂ ಕೊಡಲ್ಲ. ಗೊತ್ತಾ?” ಎಂದರು ಇವರು.

“ಗೊತ್ತು ರೀ.”

ಅತ್ತೆಯ ಸಾಲನ್ನೂ ಸೇರಿಸಿ ಕಳಿಸಿದೆ. ಕಂಪನಿಯ ಉತ್ತರ ಇನ್ನೂ ಬಂದಿಲ್ಲ. ದಿನಕ್ಕೆ ನಾಲ್ಕು ಸಲ ನೋಡುತ್ತೇನೆ.

ಅಂದು ನಾನು ಕಳಿಸಿದ ಕೂಡಲೇ ಇವರು ಕೆಳಗಿಳಿದು ಹೋದರು. ಪಾತ್ರೆಗಳು ಹಿಂದಿನ ದಿನದವೂ ಇದ್ದವು. ನಲ್ಲಿ ತಿರುಗಿಸಿದೆ. ಅದೇ ಸದ್ದು. ಸಿಂಕಿನ ಅಂಚು ಹಿಡಿದು ನಿಂತಿದ್ದಾಗ ಕೆಳಗಿನಿಂದ ಇವರ ದನಿ ಬಂತು. ಬಾಲ್ಕನಿಗೆ ಹೋಗಿ ಬಗ್ಗಿದೆ. ನಮ್ಮ ಕಾರಿನ ಮುಂದೆ ಕೂತು, ಗೋವಾಕ್ಕೆ ಹೊರಡುವ ಮೊದಲೇ ಹಬ್ಬಕ್ಕೆಂದು ಕಟ್ಟಿದ್ದ ಹಾರವನ್ನು ಎರಡೂ ಕೈಯಲ್ಲಿ ಎಳೆಯುತ್ತಿದ್ದರು. ಒಣಗಿದ ಹೂವೆಲ್ಲ ಉದುರಿ ದಾರ ಮಾತ್ರ ಉಳಿದಿತ್ತು.

“ಕತ್ರಿ ತಗೊಂಡ್ ಬಾರೇ,” ಎಂದರು ತಲೆ ಎತ್ತದೆ. “ಕೈಲಿ ಬರ್ತಿಲ್ಲ ಇದು.”