ಡಬ್ಬದಲ್ಲಿದ್ದ ನಲ್ಲಿ ನೀರು

ಆ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷದಿಂದ ಗಾಜಿನ ಸಾಮಾನು ತೊಳೆಯುತ್ತಿದ್ದ ಹೆಂಗಸನ್ನು ಎಲ್ಲರೂ ಗಾಜಕ್ಕ ಎನ್ನುತ್ತಿದ್ದರು. ಬೀಕರು ಒಡೆದರೆ ತಾನೇ ಹೋಗಿ ಹೇಳುವವಳು. ಹೇಳದೆ ಬಚ್ಚಿಟ್ಟದ್ದು ಒಂದೇ ಸಂಗತಿ.

ಶುದ್ಧ ನೀರು ಕೊಡುವ ಯಂತ್ರ ಒಂದು ದಿನ ಕೆಟ್ಟಿತ್ತು. ತೊಳೆಯುವ ಕೆಲಸ ನಿಲ್ಲಬಾರದೆಂದು ಅವಳು ಶುದ್ಧ ನೀರಿನ ಡಬ್ಬಕ್ಕೆ ನಲ್ಲಿ ನೀರು ತುಂಬಿದಳು. ನಲ್ಲಿ ನೀರೆಂದು ಚೀಟಿ ಅಂಟಿಸಬೇಕು ಅನ್ನುವಷ್ಟರಲ್ಲಿ ಗಂಡ ಸ್ಕೂಟರಿನಿಂದ ಬಿದ್ದನೆಂದು ಫೋನು ಬಂತು. ಎದ್ದೆನೋ ಬಿದ್ದೆನೋ ಎಂದು ಓಡಿದಳು. ಅವನಿಗೆ ಮೊಣಕಾಲು ತರಚಿತ್ತು, ಅಷ್ಟೇ. ಮರುದಿನ ನೋಡಿದರೆ ಡಬ್ಬದ ನೀರನ್ನು ಯಾರೋ ಅರ್ಧ ಬಳಸಿದ್ದರು. ಉಳಿದದ್ದನ್ನು ತುಟಿ ಬಿಚ್ಚದೆ ಚೆಲ್ಲಿದಳು.

ಬಳಸಿದವಳು ಪಿಎಚ್‌ಡಿ ಮಾಡುತ್ತಿದ್ದ ಹುಡುಗಿ. ಅವಳ ಪಾಲಿಮರ್ ಎಂದರೆ ಉದ್ದುದ್ದ ಎಳೆಗಳು: ಒಂದು ತುದಿಗೆ ನೀರೆಂದರೆ ಆಗದು, ಇನ್ನೊಂದು ತುದಿಗೆ ನೀರೇ ಪ್ರಾಣ, ಆ ತುದಿಗೆ ವಿದ್ಯುತ್ ಆವೇಶ ಬೇರೆ. ಅವು ನೀರಿನಲ್ಲಿ ತಾವಾಗಿಯೇ ಗುಂಪುಗೂಡಿ ಮಿಸೆಲ್ ಎಂಬ ಪುಟ್ಟ ಉಂಡೆ ಕಟ್ಟಬೇಕು; ಅದರೊಳಗೆ ಔಷಧ ಕೂರಿಸಬೇಕೆಂದು ಅವಳ ಆಸೆ. ಆ ಒಂದು ದಿನ ಉಂಡೆ ಕಟ್ಟಿತ್ತು. ಆಮೇಲೆ ಎರಡು ತಿಂಗಳು ತಿಪ್ಪರಲಾಗ ಹಾಕಿದರೂ ಇಲ್ಲ.

"ಯಂತ್ರ ಕೆಟ್ಟ ದಿನ ಡಬ್ಬದ ನೀರಲ್ಲಿ ಉಂಡೆ ಕಟ್ಟಿತ್ತು ಅಂದ್ರೆ ಗೈಡ್ ನಂಬ್ತಿಲ್ಲ ಅಕ್ಕ," ಎಂದಳು ಹುಡುಗಿ ಒಂದು ಮಧ್ಯಾಹ್ನ, ಸಿಂಕಿನ ಪಕ್ಕ ನಿಂತು. "ಬೇರೆ ವಿಷಯ ತಗೋ ಅಂದ್ರು."

ಕೆಲಸ ಹೋದರೂ ಹೋಗಲಿ ಎಂದು ಗಾಜಕ್ಕ ನಲ್ಲಿ ನಿಲ್ಲಿಸಿದಳು. "ಅವತ್ತು ಡಬ್ಬದಲ್ಲಿದ್ದದ್ದು ನಲ್ಲಿ ನೀರು ಕಣಮ್ಮ. ತಪ್ಪು ನಂದು."

ಹುಡುಗಿ ನಲ್ಲಿಯತ್ತ ತಿರುಗಿದಳು. "ಈ ನೀರಲ್ಲಿ ಉಪ್ಪಿನಂಶ ಜಾಸ್ತಿನಾ?"

"ಇಲ್ದೆ ಏನು? ಒರೆಸದೆ ಬಿಟ್ರೆ ಗಾಜೆಲ್ಲ ಬಿಳಿ ಕಲೆ."

"ಅಯ್ಯೋ, ನಾನು ಉಪ್ಪು ಸೋಕದ ಹಾಗೆ ಕಾಯ್ತಾ ಕೂತಿದ್ದೆ."

ಅಂದೇ ಶುದ್ಧ ನೀರಿಗೆ ಅಳೆದು ಉಪ್ಪು ಹಾಕಿದರು. ಸಂಜೆಯೊಳಗೆ ಉಂಡೆ ಕಟ್ಟಿದ ಗುರುತಾಗಿ ದ್ರಾವಣಕ್ಕೆ ತೆಳು ನೀಲಿ ಛಾಯೆ ಬಂತು. ಕಣಗಳ ಗಾತ್ರ ಅಳೆಯುವ ಯಂತ್ರವೂ ಉಂಡೆಗಳಿವೆ ಎಂದಿತು.

"ಒಂದೇ ಆವೇಶದ ತುದಿಗಳು ಒಂದನ್ನೊಂದು ತಳ್ಳುತ್ವೆ," ಹುಡುಗಿ ವಿವರಿಸಿದಳು. "ಉಪ್ಪು ನಡುವೆ ಸೇರಿದ್ರೆ ತಳ್ಳಾಟ ಕಮ್ಮಿ."

"ನಾನೂ ನನ್ನ ಓರಗಿತ್ತಿನೂ ಹಾಗೇ. ಅತ್ತೆ ಮಧ್ಯ ಕೂತ್ರೆ ಮಾತ್ರ ಒಟ್ಟಿಗೆ ಊಟ."

ಗೈಡು ಬಂದವರು ಚೀಟಿ ಅಂಟಿಸದಿದ್ದಕ್ಕೆ ಗಾಜಕ್ಕನನ್ನು ಸರಿಯಾಗೇ ಗದರಿದರು. ಆಮೇಲೆ ದನಿ ತಗ್ಗಿಸಿ, ಕಟ್ಟಡದ ಯಾವ ನಲ್ಲಿಯ ನೀರು ಹೇಗೆ ಎಂದು ಕೇಳಿದರು. ಅವಳಿಗೆ ಎಲ್ಲವೂ ಬಾಯಿಪಾಠ.

ಮರುವಾರದಿಂದ ಉಪ್ಪು ತೂಗುವುದನ್ನೂ ಅವಳಿಗೆ ಒಪ್ಪಿಸಿದರು. ಮೊದಲ ದಿನ ತಕ್ಕಡಿಯ ಅಂಕಿ ಅವಳ ಉಸಿರಿಗೇ ಅಲ್ಲಾಡುತ್ತಿತ್ತು; ಅದರ ಗಾಜಿನ ಬಾಗಿಲು ಮುಚ್ಚಿ ಕಾಯುವುದನ್ನು ಹುಡುಗಿ ಕಲಿಸಿದಳು.