ಬ್ಯಾಬಿಲೋನ್ ರಾಜನಿಗೆ ನಾನೊಬ್ಬಳೇ ಪ್ರಜೆ

ಕಳೆದ ಭಾನುವಾರ ನಾನು ಬ್ಯಾಬಿಲೋನ್ ರಾಜನ ಆಜ್ಞೆ ಪಾಲಿಸಿದೆ. ಇಡೀ ಸ್ಯಾನ್ ಡಿಯಾಗೊದಲ್ಲಿ ನಾನೊಬ್ಬಳೇ!

ಆದದ್ದಿಷ್ಟು. ಪಕ್ಕದ ಮನೆಯ ನ್ಯಾನ್ಸಿಯವರ ಚರ್ಚ್‌ನಲ್ಲಿ ಮಕ್ಕಳ ನಾಟಕ. ಬೈಬಲ್ ಕಥೆ. ಇಸ್ರೇಲಿನ ಜನರನ್ನು ಸೆರೆ ಹಿಡಿದು ತನ್ನ ಊರಿಗೆ ಒಯ್ದ ಬ್ಯಾಬಿಲೋನ್ ರಾಜ ಚಿನ್ನದ ಮೂರ್ತಿ ನಿಲ್ಲಿಸುತ್ತಾನೆ. ವಾದ್ಯ ಕೇಳಿದ ಕೂಡಲೇ ಎಲ್ಲರೂ ಅಡ್ಡಬೀಳಬೇಕು. ಇಲ್ಲವೇ ಬೆಂಕಿಯ ಕುಲುಮೆಗೆ! ಇಸ್ರೇಲಿನ ಮೂವರು ತರುಣರು ಮಾತ್ರ ಒಪ್ಪುವುದಿಲ್ಲ. ಆ ಮೂವರಲ್ಲಿ ಒಬ್ಬಳು (ಹುಡುಗರು ಸಾಲದೆ) ನಮ್ಮ ಒಂಬತ್ತು ವರ್ಷದ ಮೇಧಾ. ಅವಳಿಗಿದ್ದದ್ದು ಒಂದೇ ಮಾತು: "ವಿ ವಿಲ್ ನಾಟ್ ಬೌ!" (ನಾವು ಅಡ್ಡಬೀಳುವುದಿಲ್ಲ!)

ದಿನಾ ಬೆಳಿಗ್ಗೆ "ದೇವರಿಗೆ ನಮಸ್ಕಾರ ಮಾಡೇ" ಎಂದು ನಾನು ಕೂಗಿದಾಗ ಅವಳ ಮುಖದ ಮೇಲಿರುವುದೂ ಅದೇ ಡೈಲಾಗ್. ರಿಹರ್ಸಲ್ ಬೇಕೇ?

ಕಾರಿನಲ್ಲೇ ಎಚ್ಚರಿಸಿದ್ದಳು. "ಅಮ್ಮಾ, ಮೈ ಫ್ರೆಂಡ್ಸ್ ಆರ್ ಕಮಿಂಗ್. ಪ್ಲೀಸ್, ಡೋಂಟ್ ಡು ಎನಿಥಿಂಗ್. ಜಸ್ಟ್ ಸಿಟ್."

"ನಾನೇನೇ ಮಾಡ್ತೀನಿ? ಸುಮ್ನೆ ಕೂತಿರ್ತೀನಿ."

ನಾಟಕಕ್ಕೆ ಹೊಳೆಯುವಂಥದ್ದು ಏನಾದರೂ ಕೊಡು ಎಂದು ನ್ಯಾನ್ಸಿ ಕೇಳಿದ್ದರು. ರಾಜನಿಗಿರಬೇಕೆಂದು ವರಮಹಾಲಕ್ಷ್ಮಿ ಅಲಂಕಾರದ ಡಬ್ಬಿಯನ್ನೇ ಕೊಟ್ಟಿದ್ದೆ. ಕಿರೀಟ, ಡಾಬು, ಕಾಸಿನ ಸರ. (ಎಲ್ಲ ಗಿಲೀಟು, ಕಣ್ಣು ಹಾಕಬೇಡಿ.)

ಪರದೆ ಸರಿಯಿತು. ಅಷ್ಟೂ ಒಡವೆ ಮೂರ್ತಿಯ ಮೈಮೇಲೆ! ರಟ್ಟಿನ ತಲೆಗೆ ನಮ್ಮ ಲಕ್ಷ್ಮಿಯ ಕಿರೀಟ, ಸೊಂಟಕ್ಕೆ ಡಾಬು. ಜೊತೆಗೆ ಡಣಡಣ ಗಂಟೆ ಬೇರೆ.

ಗಂಟೆ ಕೇಳಿದ ಮೇಲೂ ಕೂತಿರುವುದು ಹೇಗೆ ಸ್ವಾಮಿ? ಎದ್ದೆ. ಕೈ ಮುಗಿದೆ. ಕೆನ್ನೆಯನ್ನೂ ತಟ್ಟಿಕೊಂಡೆ. (ನಮ್ಮವರೂ ಅರ್ಧ ಎದ್ದಿದ್ದರು. ಈಗ ಒಪ್ಪುತ್ತಿಲ್ಲ.)

ರಾಜನ ವೇಷ ಮಾತ್ರ ದೊಡ್ಡವರದು, ಅದೇ ಚರ್ಚ್‌ನ ಒಬ್ಬ ಡೆಂಟಿಸ್ಟ್‌ನದು. ಅವನು ನನ್ನತ್ತ ಕೈ ತೋರಿಸಿ, "ಫೈನಲಿ! ಎ ಗುಡ್ ಸಿಟಿಜನ್!" ಎಂದ. ಹಾಲ್‌ಗೆ ಹಾಲೇ ಬಿದ್ದು ಬಿದ್ದು ನಕ್ಕಿತು.

ಮೇಧಾ ನಗಲಿಲ್ಲ. ಮುಖ ಕೆಂಪಗಾಯಿತು. ಇದ್ದ ಒಂದು ಮಾತನ್ನೂ ಮರೆತಳೇ? ಅವಳು ರಾಜನನ್ನು ಬಿಟ್ಟು ನನ್ನನ್ನೇ ದುರುಗುಟ್ಟಿ ನೋಡುತ್ತಾ ಕಿರುಚಿದಳು: "ವಿ! ವಿಲ್! ನಾಟ್! ಬೌ!"

ಚಪ್ಪಾಳೆಯೋ ಚಪ್ಪಾಳೆ. ದೇವರು ದೊಡ್ಡವನು. ಮಗಳು ಮಾತು ಮರೆಯಲಿಲ್ಲ, ಮೂವರೂ ಕುಲುಮೆಯಿಂದ ಸುಖವಾಗಿ ಬಂದರು, ನನ್ನ ಡಾಬಿನ ಕೊಂಡಿಯೊಂದು ಬಿಟ್ಟರೆ ಏನೂ ಮುರಿಯಲಿಲ್ಲ.

ಮನೆಗೆ ಬಂದವಳೇ ರೂಮಿನ ಬಾಗಿಲು ಹಾಕಿಕೊಂಡಳು. ಸಂಜೆ ದೀಪ ಹಚ್ಚಿದಾಗ ಕರೆಯುವ ಧೈರ್ಯ ನನಗೆ ಬರಲಿಲ್ಲ. ತಾನಾಗಿಯೇ ಬಂದಳು. ಕಣ್ಣು ಮುಚ್ಚಿ ಕೈ ಮುಗಿದಳು.

"ಏನೇ ಇದು, ಹೇಳದೇನೇ ಬಂದ್ಬಿಟ್ಟೆ?"

"ದಟ್ಸ್ ವೈ, ಅಮ್ಮಾ. ಟುಡೇ ನೋಬಡಿ ಆರ್ಡರ್ಡ್ ಮಿ."

ಹಾಗಾದರೆ ಇಷ್ಟು ವರ್ಷ ನಮ್ಮ ಮನೆಯಲ್ಲಿ ಬ್ಯಾಬಿಲೋನ್ ರಾಜ ಆಗಿದ್ದವರು ಯಾರು?